ಹುಲಿಗೇಶನ ಹಿಂದಿನ ಗಾಲಿ

ಜ್ಯೋತಿ ಸೆರಗಿನ ಗಂಟು ಬಿಚ್ಚಿ ಮೂರು ಕಬ್ಬಿಣದ ತುಂಡುಗಳನ್ನು ಜಂಗ್ಲಿಸಾಬನ ಮುಂದೆ ಸುರಿದಳು.

“ಚಾಚಾ, ನನ್ನ ಗಂಡ ಕುಡುಗೋಲು ಮಸ್ಯಾಕತ್ತಾನ. ಇವತ್ತ ನನ್ನ ತಮ್ಮನ್ನ ಕಡದ ಬಿಡ್ತಾನ.”

ನಾನು ಆಗ ಮಸ್ಕಿಯಲ್ಲಿ ಜಂಗ್ಲಿಸಾಬನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ. ಅವನು ಹಟ್ಟಿ ಗಣಿಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವ. ಊರಲ್ಲಿ ಏನು ಕಳೆದರೂ, ಏನು ಮುರಿದರೂ ಜನ ಮೊದಲು ಅವನ ಬಳಿಗೇ ಬರುತ್ತಾರೆ. ಅವನಿಗೆ ಮಾತು ಕಡಿಮೆ. ಆ ಕೊರತೆ ತುಂಬಲು ನಾನಿದ್ದೇನೆ.

ಸಂಗತಿ ಇಷ್ಟು. ಜ್ಯೋತಿಯ ಗಂಡ ಹುಲಿಗೇಶ ತನ್ನ ಪಿಕಪ್‌ನಲ್ಲಿ ನಾಟಿ ಹಚ್ಚುವ ಹೆಂಗಸರನ್ನು ಸಿಂಧನೂರಿನ ಗದ್ದೆಗಳಿಗೆ ಒಯ್ಯುತ್ತಾನೆ. ಅವಳ ತಮ್ಮ ದುರುಗೇಶನದೂ ಅದೇ ಕಸುಬು, ಅದೇ ದಾರಿ, ಇಬ್ಬರಿಗೂ ಆಗಿಬರುವುದಿಲ್ಲ. ಅಮಾವಾಸ್ಯೆಯ ಗಾಡಿ ಪೂಜೆಯಾದ ಮೂರನೇ ದಿನ ಹುಲಿಗೇಶನ ಗಾಲಿಯ ನಟ್ಟುಗಳು ಸಡಿಲವಾಗಿದ್ದವು. ಇದು ದುರುಗೇಶನ ಕೈವಾಡವೇ ಎಂದು ಹೆದರಿ ಹುಲಿಗೇಶ ಅಂದಿನಿಂದ ಗಾಡಿಯಲ್ಲೇ ಮಲಗತೊಡಗಿದ. ನಿನ್ನೆ ಸಂಜೆ ಹೆಂಗಸರನ್ನು ಇಳಿಸಿ ಬರುವಾಗ ಹಿಂದಿನ ಗಾಲಿಯೇ ಕಳಚಿ ಹೋಯಿತು.

“ಇವು ಹಾದ್ಯಾಗ ಸಿಕ್ವು,” ಎಂದಳು ಜ್ಯೋತಿ.

ಒಂದೊಂದು ತುಂಡೂ ಒಂದು ನಟ್ಟು. ಅದರೊಳಗೆ ಮುರಿದ ಬೋಲ್ಟಿನ ತುದಿ. ಜಂಗ್ಲಿಸಾಬ್ ಇಕ್ಕಳ ಹಾಕಿ ತಿರುಗಿಸಿದ. ನಟ್ಟು ಕದಲಲಿಲ್ಲ. ಮುರಿದ ಜಾಗದಲ್ಲಿ ಬೋಲ್ಟು ಸೊಂಟದಂತೆ ಸಣ್ಣಗಾಗಿತ್ತು.

“ದುರುಗೇಶನ್ನ ಕರಸು. ಗಾಡಿ ನೋಡೂಣು.”

“ಅವನ್ನ ಕರದ್ರ ಹೆಣ ಬೀಳ್ತಾವ, ಚಾಚಾ!”

“ಕರೀಲಿಲ್ಲಂದ್ರ ಬೀಳ್ತಾವ.”

ನಾವು ಹೋದಾಗ ಹುಲಿಗೇಶ ತೊಡೆಯ ಮೇಲೆ ಕುಡುಗೋಲು ಇಟ್ಟುಕೊಂಡು ತನ್ನ ಮನೆಯಂಗಳದಲ್ಲಿ ಕುಳಿತಿದ್ದ. ಕಣ್ಣು ಕೆಂಡ. ಎಳೆದು ತಂದು ನಿಲ್ಲಿಸಿದ್ದ ಗಾಡಿಯ ಉಳಿದ ಗಾಲಿಗಳಿಗೆ ದಪ್ಪಗೆ ಹಳದಿ ಬಣ್ಣ ಹಚ್ಚಿತ್ತು. ಸೀಟಿನ ಹಿಂದೆ ನಾಲ್ಕಡಿ ಪೈಪೊಂದು ಬಿಲ್ಲಿನಂತೆ ಬಾಗಿ ಬಿದ್ದಿತ್ತು.

ದುರುಗೇಶ ಬಂದು ದೂರವೇ ನಿಂತ. ಜಂಗ್ಲಿಸಾಬ್ ಅವನ ಕೈಗೆ ಗಾಲಿಯ ನಟ್ಟು ಬಿಚ್ಚುವ ವೀಲ್ ಪಾನಾ ಕೊಟ್ಟ. “ಒಂದು ನಟ್ಟು ಬಿಚ್ಚಪಾ.”

ಅವನು ಎದೆಯ ಭಾರವನ್ನೆಲ್ಲ ಹಾಕಿದ. ಆಗಲಿಲ್ಲ.

“ಕದ್ದು ಬಿಚ್ಚಾಕ ಭಾಳ ಹಗುರ ಇತ್ತಲ್ಲಲೇ?” ಹುಲಿಗೇಶ ಹಲ್ಲು ಕಡಿದ.

“ಮಾವ, ಆನಿ ಕಟ್ಟಿ ಬಿಗದಿಯೇನು ಇದನ್ನ?”

ನಾನೂ ಕೈ ಹಚ್ಚಿದೆ. ‘ಟಕ್’ ಎಂದಿತು. ನಟ್ಟು ಬಿಚ್ಚಲಿಲ್ಲ, ಬೋಲ್ಟೇ ತುಂಡಾಗಿ ನನ್ನ ಕಾಲ ಬಳಿ ಬಿತ್ತು.

ಜಂಗ್ಲಿಸಾಬ್ ಎಲ್ಲರನ್ನೂ ಕೂರಿಸಿದ.

“ಯಾರಾರ ಸಡ್ಲ ಮಾಡಿದ್ರ ನಟ್ಟು ತಿರುಗಿ ತಿರುಗಿ ಉದರತಿದ್ವು, ಬೋಲ್ಟು ಹಂಗ ಉಳೀತಿದ್ದಿಲ್ಲೇನು? ಇಲ್ಲಿ ನಟ್ಟು ಬಿಗಿ ಅದಾವ, ಬೋಲ್ಟ ಹರದಾವ. ಬೋಲ್ಟು ಸಣ್ಣಗಾಗೇದ ಅಂದ್ರ ಯಾರೋ ಅತಿಯಾಗಿ ಬಿಗಿ ಮಾಡಿ ಅದನ್ನ ಎಳದಾರ. ಹುಲಿಗೇಶಾ, ದಿನಾ ಮುಂಜಾನೆ ಪಾನಾದ ಹಿಡೀಗೆ ಆ ಪೈಪು ಹಾಕಿ ಅದರ ಮ್ಯಾಲ ನಿಂತು ಕುಣದಾಂವ ಯಾರು?”

ಹುಲಿಗೇಶ ಬಾಗಿದ ಪೈಪಿನ ಕಡೆ ನೋಡಿದ. “ನಾನ ರೀ. ಹೆದರಿಕಿ ರೀ. ಹನ್ನೆರಡು ಮಂದಿ ಹೆಣ್ಮಕ್ಕಳು ಕುಂದರತಾರ.”

“ಆ ಹೆದರಿಕೀನ ಅವರನ್ನ ಕೊಲ್ತಿತ್ತು. ಕೈಲೆ ಪಾನಾದ ಹಿಡಿ ಒತ್ತಿದಷ್ಟ ಬಲ ಸಾಕು. ಎದುರು ಬದುರು ನಟ್ಟು ಬಿಗಿ ಮಾಡು, ಐವತ್ತು ಕಿಲೋಮೀಟರ್ ಓಡಿಸಿ ಇನ್ನೊಮ್ಮಿ ನೋಡು. ಪೈಪು ಹಚ್ಚಬ್ಯಾಡ.”

“ಮತ್ತ ಮೊದಲ ಸಡ್ಲ ಮಾಡಿದಾಂವ ಯಾರು?”

“ಬಣ್ಣ. ಪೂಜಾಕ್ಕಂತ ಗಾಲಿ ಬಿಚ್ಚಿ, ನಟ್ಟು ಕೂಡೋ ಜಾಗಕ್ಕೂ ಹಚ್ಚೀರಿ. ಗಾಡಿ ಓಡಿದಂಗ ಬಣ್ಣ ಪುಡಿಯಾಗಿ ಉದರಿತು, ನಟ್ಟು ಸಡ್ಲಾತು.”

ಕುಡುಗೋಲು ಕೆಳಗೆ ಜಾರಿತು. ಆದರೆ ಜ್ಯೋತಿಯ ಮುಖ ಬೂದಿಯಾಗಿತ್ತು.

“ಚಾಚಾ… ಬಣ್ಣ ಹಚ್ಚಿದಾಕಿ ನಾನು. ಉಳದದ್ದನ್ನ ಮೊನ್ನೆ ಗಾಲಿ ಬಿಚ್ಚಿಸಿ ತಮ್ಮನ ಗಾಡೀಗೂ ಹಚ್ಚೀನಿ. ಇವರಿಗೆ ಹೇಳಿದ್ದಿಲ್ಲ.”

ದುರುಗೇಶ ಎದ್ದು ನಿಂತ. “ಇವತ್ತ ನನ್ನ ಡ್ರೈವರ್ ಸಂಗನಬಸವ ಒಯ್ದಾನ ಅದನ್ನ! ಹದಿನಾಲ್ಕು ಮಂದಿ ಹತ್ಯಾರ!”

ಫೋನು ಹಚ್ಚಿದ. ಒಂದು ಸಲ ರಿಂಗಾಗಿ ಕಡಿಯಿತು. ಮತ್ತೆ ಹಚ್ಚಿದ. ಆ ಕಡೆಯಿಂದ “ಹಲೋ” ಎಂದದ್ದೇ ತಡ, ಹುಲಿಗೇಶ ಫೋನು ಕಸಿದುಕೊಂಡು ಕೂಗಿದ: “ಗಾಡಿ ನಿಂದ್ರಸಲೇ! ಸಾವಕಾಶ ನಿಂದ್ರಸು! ಎಲ್ಲಾರನ್ನೂ ಕೆಳಗ ಇಳಸು!”

ಫೋನಿನಲ್ಲಿ ಹೆಂಗಸರ ಗದ್ದಲ ಕೇಳಿಸಿತು. ಕೊನೆಗೆ ಸಂಗನಬಸವನ ಧ್ವನಿ ಬಂತು.

“ಅಣ್ಣಾ, ಎಲ್ಲಾರೂ ಇಳದಾರ. ಎರಡು ನಟ್ಟು ಬರಿಗೈಲೆ ಬಂದ್ವು.”

ಜ್ಯೋತಿ ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತಳು. ಹುಲಿಗೇಶ ಪಾನಾ ಹಿಡಿದು ದುರುಗೇಶನ ಬೈಕಿನ ಹಿಂದೆ ಹತ್ತಿದ, ಅವನ ಹೆಗಲು ಹಿಡಿದುಕೊಂಡ.

“ನೀನ ಬಿಗಿ ಮಾಡಲೇ ದುರುಗ್ಯಾ. ನನ್ನ ಕೈ ಇನ್ನೂ ನಡಗಾಕತ್ತಾವ.”