ಹಗುರವಾದ ಓಣಿ

ಸಾವಂತ್ರೆವ್ವ ಅತ್ತೆಯ ಭುಜದ ಕೆಳಗೆ ಕೈ ಹಾಕಿದಾಗ ಅವಳ ಮಣಿಕಟ್ಟಿನ ಬಳೆ ಸಣ್ಣಗೆ ನಡುಗಿತು. ಮುದುಕಿಯನ್ನು ಮಗ್ಗುಲಿಗೆ ಹೊರಳಿಸಿ ಬಿಟ್ಟ ಮೇಲೆ ನಡುಕ ನಿಂತಿತು. ಅಷ್ಟು ಭಾರ ಎಣಿಕೆಗೆ ಸೇರಿತ್ತು.

ಸಮತಾ ಮುಂಗಡಪತ್ರ ಬಂದ ಮೇಲೆ ನಗರಸಭೆ ಹಣ ಹಂಚುವ ಮುಂಚೆ ಈ ಭಾರಬಳೆಯ ಮಾತನ್ನೇ ಕೇಳುತ್ತಿತ್ತು. ವರ್ಷಕ್ಕೊಂದು ತಿಂಗಳು ಗಂಡಸರೂ ಹೆಂಗಸರೂ ಅದನ್ನು ತೊಡಬೇಕು. ಎತ್ತಿದ್ದು, ಹೊತ್ತದ್ದು, ಕಾದು ನಿಂತದ್ದು, ಯಾರದೋ ಕೆಮ್ಮಿಗೆ ಅರೆನಿದ್ದೆಯಲ್ಲಿ ಕಿವಿಗೊಟ್ಟದ್ದು ಎಲ್ಲವನ್ನೂ ಬಳೆ ಸ್ನಾಯುಗಳಿಂದಲೇ ಓದಿಕೊಳ್ಳುತ್ತಿತ್ತು. ಕೂಲಿ ಸಿಗದ ದುಡಿಮೆಯೂ ಹೀಗೆ ಮೊದಲ ಬಾರಿಗೆ ಸರ್ಕಾರದ ಕಣ್ಣಿಗೆ ಬಿತ್ತು. ಯಾವ ಓಣಿಯ ಕೈಗಳಿಗೆ ಹೆಚ್ಚು ಭಾರವೋ ಆ ಓಣಿಗೆ ಮೊದಲ ಹಣ. ಗಂಡಸರ ಬಳೆಗಳು ಬಹುಪಾಲು ಸುಮ್ಮನಿರುತ್ತಿದ್ದವು.

ಹೋದ ವರ್ಷ ಹಣ ಸಾವಂತ್ರೆವ್ವನ ಮೇಲಿನ ಓಣಿಗೆ ಬಾರದೆ ಕೆಳಗಿನ ಓಣಿಗೆ ಹೋಗಿತ್ತು. ಅಲ್ಲಿ ಹಾಸಿಗೆ ಹಿಡಿದವರಿಗಾಗಿ ನೀಲಿ ಗೋಡೆಯ ಆರೈಕೆ ಮನೆ ಎದ್ದಿತು. ಆ ಓಣಿಯವರಿಗೆ ಮಾತ್ರ. ಸಾವಂತ್ರೆವ್ವನ ಜೊತೆ ಒಂದೇ ಮಣೆಯ ಮೇಲೆ ಕೂತು ಅಕ್ಷರ ಕಲಿತಿದ್ದ ಫಕೀರವ್ವ, ಅಲ್ಲಿ ಮಾವನನ್ನು ಬಿಟ್ಟು ಬರಿಗೈಯಲ್ಲಿ ಹಿಂದಿರುಗುತ್ತಿದ್ದಳು. ಆ ಬೀಸುವ ಕೈಗಳನ್ನು ಸಾವಂತ್ರೆವ್ವ ಕಿಟಕಿಯಿಂದ ನೋಡುತ್ತಿದ್ದಳು. ಗೆಳತಿಯ ಹೆರಳಿನ ಎಣ್ಣೆಯ ಹೊಳಪನ್ನೂ ನೋಡುತ್ತಿದ್ದಳು. ದಾರಿಯಲ್ಲಿ ಎದುರಾದರೆ ಮಾತಿಲ್ಲ.

ಕೊನೆಗೊಂದು ದಿನ ಸಾವಂತ್ರೆವ್ವ ಬಳೆಯನ್ನು ರೂಪಿಸಿದ ವಿಜ್ಞಾನಿ ಇಂದುಮತಿ ಕಟಗೇರಿಯವರ ಕಚೇರಿಗೆ ಹೋದಳು.

"ಅಕ್ಕಾರ, ನಿಮ್ಮ ಬಳಿ ಸುಳ್ಳ ಹೇಳತೈತಿ."

"ಬಳೆ ಸುಳ್ಳು ಹೇಳೋದಿಲ್ಲ ಸಾವಂತ್ರೆವ್ವಾರೇ. ನಿಮ್ಮ ಓಣಿಯ ಭಾರ ಕಡಿಮೆ ಇದೆ."

"ಯಾಕ, ನಮ್ಮ ಮುದುಕ್ಯಾರು ಅವರ ಮುದುಕ್ಯಾರಕಿಂತ ಹಗರ ಅದಾರೇನ್ರಿ?"

ಇಂದುಮತಿಗೆ ನಗು ಬಂತು. ತೆರೆಯ ಮೇಲೆ ಹೋದ ವರ್ಷದ ಎರಡು ಓಣಿಗಳ ಚಿತ್ರ ತೆರೆದರು; ಬಳೆಗೊಂದು ಚುಕ್ಕೆ, ಭಾರ ಹೆಚ್ಚಿದಷ್ಟೂ ಕಪ್ಪು. ಕೆಳಗಿನ ಓಣಿಯಲ್ಲಿ ಪ್ರತಿ ಮನೆಯಲ್ಲೂ ಒಂದೇ ಕಪ್ಪು ಚುಕ್ಕೆ. ಮೇಲಿನ ಓಣಿಯಲ್ಲಿ ಕಪ್ಪು ಎಲ್ಲೂ ಇರಲಿಲ್ಲ, ಉದ್ದಕ್ಕೂ ಬರೀ ತಿಳಿಬೂದಿ.

"ನಿಮ್ಮತ್ತೆಯನ್ನ ದಿನಾ ಯಾರು ಹೊರಳಿಸ್ತಾರೆ?"

"ಇವತ್ತ ನಾನು, ನಾಳೆ ಚಂಪವ್ವ, ನಾಡಿದ್ದ ಎದುರುಮನಿ ಗುರುಬಾಯಿ. ಆಮ್ಯಾಲ ಅವರ ಮನಿಗೆ ನಾ ಹೋಗ್ತೀನಿ. ಮುಯ್ಯಾಳ್ರಿ. ಹೊಲದಾಗ ಮಾಡ್ತಿದ್ದದ್ದನ್ನ ಊರಿಗೆ ಬಂದ ಮ್ಯಾಲೂ ಬಿಟ್ಟಿಲ್ಲ."

"ಅದಕ್ಕೇ. ಹತ್ತು ಕೈಗೆ ಹಂಚಿದ ಭಾರ ಯಾವ ಕೈಗೂ ಭಾರ ಅನ್ನಿಸೋದಿಲ್ಲ. ಅಲ್ಲಿ ಒಬ್ಬೊಬ್ಬಳೇ ಹೊರ್ತಾ ಇದ್ಳು."

"ಹಂಗಾದ್ರ ಕೂಡಿ ಮಾಡಿದ್ದು ನಮ್ಮ ತಪ್ಪು."

ಇಂದುಮತಿ ತೆರೆಯನ್ನು ಆರಿಸಿದರು. ಸಾವಂತ್ರೆವ್ವ ತನ್ನ ಆ ಮಾತನ್ನೇ ಓಣಿಯ ಹೆಂಗಸರಿಗೆಲ್ಲ ಮುಟ್ಟಿಸಿದಳು.

ಈ ವರ್ಷ ಬಳೆ ತೊಡುವ ತಿಂಗಳು ಬಂದಾಗ ಮೇಲಿನ ಓಣಿಯ ಬಾಗಿಲುಗಳು ಮುಚ್ಚಿದವು. ಯಾರೂ ಯಾರ ಮನೆಗೂ ಹೋಗುವಂತಿಲ್ಲ ಎಂದು ಹೆಂಗಸರೇ ಮಾತಾಡಿಕೊಂಡಿದ್ದರು. ಒಂದು ತಿಂಗಳು ತಡೆದುಕೊಂಡರೆ ತಮಗೂ ಆರೈಕೆ ಮನೆ. ಗಂಡ ಮಗ್ಗದ ಕಾರ್ಖಾನೆಗೆ ಹೋದ ಮೇಲೆ ಸಾವಂತ್ರೆವ್ವ ಒಬ್ಬಳೇ ಹೊರಳಿಸಿದಳು, ಒರೆಸಿದಳು, ಎತ್ತಿ ಕೂರಿಸಿದಳು. ಬಳೆ ಬಿಡದೆ ನಡುಗಿತು. ಮುದುಕಿ ಬಾಗಿಲ ಕಡೆ ನೋಡಿ, "ಚಂಪಿ ಯಾಕ ಬರವಲ್ಲಳು?" ಎಂದು ಕೇಳುತ್ತಿದ್ದಳು. ಮೊದಲ ವಾರವೇ ಅವಳ ಬೆನ್ನ ಮೇಲೆ ಹುಣ್ಣಾಯಿತು.

ಆ ಮಧ್ಯಾಹ್ನ ಬಾಗಿಲು ತಳ್ಳಿಕೊಂಡು ಬಂದವಳು ಫಕೀರವ್ವ. ಮುದುಕಿಯ ಕೆಳಗೆ ಹಾಸಿದ ಬಟ್ಟೆಯ ಇನ್ನೊಂದು ತುದಿ ಹಿಡಿದಳು.

"ಬಿಡು. ನೀ ಮುಟ್ಟಿದ್ರ ನನ್ನ ಬಳೀ ಲೆಕ್ಕ ಇಳೀತೈತಿ."

"ಇಳೀಲಿ."

"ನಿನಗೇನಾಗಬೇಕವಾ, ನಿನ್ನ ಓಣ್ಯಾಗ ಅರಮನಿ ಐತಿ."

ಫಕೀರವ್ವ ತುದಿ ಬಿಡಲಿಲ್ಲ. "ನಮ್ಮ ಮಾವನ್ನ ಒಬ್ಬಾಕೇ ಎತ್ತತಿದ್ದೆ. ನಿಮ್ಮ ಮನಿಗೆ ಹೆಣಮಕ್ಕಳು ನಕ್ಕೋಂತ ಬರೂದು, ನಕ್ಕೋಂತ ಹೋಗೂದು ನೋಡಿ ನನ್ನ ಹೊಟ್ಟಿ ಎಷ್ಟ ಉರದೈತಿ ಗೊತ್ತೇನು? ಈಗ ಕೈ ಖಾಲಿ ಅದಾವು. ಎತ್ತು."

ಇಬ್ಬರೂ ಎತ್ತಿದರು, ಹೆಚ್ಚಿನ ಭಾರ ಫಕೀರವ್ವನ ಕಡೆಗೇ. ಸಾವಂತ್ರೆವ್ವನ ಬಳೆ ಸುಮ್ಮನಾಯಿತು.

ಮರುದಿನ ಫಕೀರವ್ವನ ಜೊತೆ ಕೆಳಗಿನ ಓಣಿಯ ಇನ್ನಷ್ಟು ಹೆಂಗಸರು ಬಂದರು. ಚಂಪವ್ವನ ಮನೆಗೆ ಇಬ್ಬರು, ಗುರುಬಾಯಿಯ ಮನೆಗೆ ಇಬ್ಬರು. ತಿಂಗಳು ಮುಗಿಯುವವರೆಗೆ ಅವರು ಬರುವುದು ತಪ್ಪಲಿಲ್ಲ.

ಫಲಿತಾಂಶ ಹೇಳಲು ಇಂದುಮತಿಯೇ ಮನೆಗೆ ಬಂದರು. ಬಳೆಗೆ ಭಾರ ಗೊತ್ತಾಗುತ್ತಿತ್ತು. ಅದು ಯಾರ ಮನೆಯ ಭಾರ ಎನ್ನುವುದು ಗೊತ್ತಾಗುತ್ತಿರಲಿಲ್ಲ. ಮೇಲಿನ ಓಣಿಯಿಂದ ಇಳಿದದ್ದೆಲ್ಲ ಕೆಳಗಿನ ಓಣಿಯ ಬಳೆಗಳಲ್ಲಿ ಏರಿತ್ತು.

"ಈ ಸಲವೂ ಹಣ ಅವರಿಗೇ ಹೋಗ್ತದೆ," ಎಂದರು ಇಂದುಮತಿ. "ನಾನು ಇದನ್ನ ಯೋಚಿಸಿರಲಿಲ್ಲ."

ಸಾವಂತ್ರೆವ್ವ ಕಿಟಕಿಯಾಚೆಯ ನೀಲಿ ಗೋಡೆಯನ್ನು ನೋಡಿದಳು. ಒಳಗೆ ಮುದುಕಿ ನರಳಿದಳು, ಹೊರಳಿಸುವ ಹೊತ್ತಾಗಿತ್ತು.

"ಹೋಗೂಮುಂದ ಫಕೀರವ್ವಗ ಒಂದ ಮಾತ ಹೇಳಿ ಹೋಗ್ರಿ ಅಕ್ಕಾರ," ಎಂದಳು. "ಸಾವಂತ್ರಿಗೆ ಈ ವರ್ಷನೂ ಹೊಟ್ಟಿ ಉರಿಯಾಕ ಹತ್ತೈತಿ, ಲಗೂನ ಬಂದು ಅರಿವಿ ತುದಿ ಹಿಡೀಬೇಕಂತ."