ಅರವತ್ತೆಂಟು ಕೀಗಳ ನೆವ

"ಈ ಒಂದ ಕೀ ಮ್ಯಾಲ ನಿಮಗ ಅಷ್ಟ್ಯಾಕ ಸಿಟ್ಟರಿ?"

ಮರಿಲಿಂಗ ನನಗೆ ಆಡಿದ ಮೊದಲ ಮಾತು ಇದು. ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಾಂದಬೀ ಅವರ ಮೊಬೈಲ್ ರಿಪೇರಿ ಅಂಗಡಿ, ರಿಪೇರಿಯ ಕೆಲಸವೆಲ್ಲ ಅವನದು. ಕೌಂಟರಿನ ಆಚೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ ಆತ, ನಾನು ತಂದಿದ್ದ ಕೀಬೋರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಎಫ್ ಕೀಯ ಮೇಲೆ ಬೆರಳಿಟ್ಟು ಹೀಗೆ ಕೇಳಿದ. ಉಳಿದ ಕೀಗಳ ಮೇಲೆ ಅಕ್ಷರಗಳು ಅಷ್ಟಿಷ್ಟು ಉಳಿದಿದ್ದವು. ಎಫ್ ಮಾತ್ರ ಸವೆದು ನಡುವೆ ತಗ್ಗು ಬಿದ್ದು, ಒತ್ತಿದರೆ ಮೇಲೇಳುವುದನ್ನೇ ಬಿಟ್ಟಿತ್ತು.

ನನಗೆ ಮೈಯೆಲ್ಲ ಉರಿಯಿತು. ನಾನು ಮೊದಲೇ ಸಿಟ್ಟಿನವಳು. ಅವತ್ತು ಬೆಳಗಿನಿಂದ ಭೀಮರಾಯನಗುಡಿಯ ಡಿಟಿಪಿ ಅಂಗಡಿಯಲ್ಲಿ ನೀರಾವರಿ ಕಚೇರಿಯ ಪತ್ರಗಳನ್ನು ಟೈಪ್ ಮಾಡಿ, ಹತ್ತು ಜನ ತುಂಬಿದ ಆಟೋದಲ್ಲಿ ಒಂದು ಕಾಲು ಹೊರಗಿಟ್ಟುಕೊಂಡು ಬಂದಿದ್ದೆ.

"ಸಿಟ್ಟಲ್ರಿ, ಕೆಲಸ. ಕನ್ನಡ ಟೈಪ್ ಮಾಡಿ ನೋಡ್ರಿ, ಗೊತ್ತಾಗ್ತದ. ಒತ್ತಕ್ಷರ ಬಂದಾಗೆಲ್ಲ ಎಫ್ ಒತ್ತಬೇಕು. ಅಕ್ಕ ಅನ್ನಾಕೂ ಎಫ್, ಅಪ್ಪ ಅನ್ನಾಕೂ ಎಫ್. ದಿನಕ್ಕ ಎಷ್ಟು ಸಾವಿರ ಸಲ ಅಂತ ನೀವೇನ್ ಎಣಿಸೀರಿ?"

ಆತ ಭೂತಗನ್ನಡಿ ತೆಗೆದು ನನ್ನ ಎಡಗೈ ನೋಡಿದ. ತೋರುಬೆರಳಿಗೆ ಬಿಳಿ ಪಟ್ಟಿ ಸುತ್ತಿಕೊಂಡಿದ್ದೆ.

"ಈ ಪಟ್ಟಿ ಅದಕ್ಕೇನ್ರಿ?" ಅಂದ. ಎಷ್ಟು ಮೆಲ್ಲಗೆ ಕೇಳಿದ ಅಂದರೆ, ನನ್ನ ಸಿಟ್ಟಿಗೆ ನಿಲ್ಲಲು ಜಾಗವೇ ಸಿಗಲಿಲ್ಲ. "ಇದು ರಿಪೇರಿ ಆಗಂಗಿಲ್ರಿ. ನಿಮ್ಮ ಕೈಗೆ ತಕ್ಕಂಗ ಹೊಸಾದು ಕಟ್ಟೋಣ."

ಕೀಬೋರ್ಡ್ ಕೊಳ್ಳುತ್ತಾರೆ ಎಂದು ಗೊತ್ತಿತ್ತು, ಕಟ್ಟುತ್ತಾರೆ ಎಂದು ಗೊತ್ತಿರಲಿಲ್ಲ. ಅಲ್ಲಿಯ ತನಕ ಇರಲಿ ಎಂದು ತನ್ನದೊಂದು ಹಳೆಯ ಕೀಬೋರ್ಡನ್ನು ಪೇಪರಿನಲ್ಲಿ ಸುತ್ತಿಕೊಟ್ಟ. ಕೀಗಳ ಕೆಳಗೆ ಕೂರುವ ಸ್ವಿಚ್ ಯಾವುದು ಬೇಕೋ ನಾಳೆ ಬಂದು ಆಯ್ದುಕೊಳ್ಳಿ ಎಂದ.

ಗೋಗಿಗೆ, ಅಂದರೆ ನಮ್ಮೂರಿಗೆ, ಹೋಗಬೇಕಾದವಳು ಮರುದಿನ ಸಂಜೆಯೂ ಶಹಾಪುರದ ಆಟೋ ಹತ್ತಿದೆ. ಮನೆ ಒಂದು ದಿಕ್ಕು, ಅಂಗಡಿ ಇನ್ನೊಂದು ದಿಕ್ಕು.

ಮರಿಲಿಂಗ ನನ್ನ ಮುಂದಿಟ್ಟದ್ದು ಅಂಗೈಯಗಲದ ಒಂದು ಹಲಗೆ. ಅದರ ಮೇಲೆ ಒಂಬತ್ತು ಸ್ವಿಚ್, ಒಂದೊಂದಕ್ಕೆ ಒಂದೊಂದು ಬಣ್ಣ.

"ಕಣ್ಣ ಮುಚ್ಚಿ ಒತ್ತಿ ನೋಡ್ರಿ. ಬಣ್ಣ ನೋಡಿದ್ರ ಮನಸ್ಸು ಮೋಸ ಮಾಡ್ತದ."

ಕಣ್ಣು ಮುಚ್ಚಿದೆ. ಮೊದಲನೆಯದು ಕಟಕ್ ಎಂದಿತು. "ಅಯ್ಯ ಬೇಟಿ, ಅದು ಬ್ಯಾಡ, ನನ್ನ ಅಡಕೊತ್ತಿನಂಗ ಸಪ್ಪಳ ಮಾಡ್ತದ," ಎಂದರು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಚಾಂದಬೀ. ಎರಡನೆಯದು ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯಿತು, ಒತ್ತಿದೆನೋ ಇಲ್ಲವೋ ಬೆರಳಿಗೆ ತಿಳಿಯಲಿಲ್ಲ. ಐದನೆಯದು ಅರ್ಧ ದಾರಿಯಲ್ಲಿ ಸಣ್ಣಗೆ ತಡೆದು, ಆಮೇಲೆ ಸದ್ದಿಲ್ಲದೆ ಒಳಗೆ ಹೋಯಿತು.

"ಇದು," ಎಂದು ಕಣ್ಣು ತೆರೆದೆ. ಮರಿಲಿಂಗ ಸ್ವಿಚ್ಚನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ. ಸಿಕ್ಕಿಬಿದ್ದೆ ಅನ್ನಿಸಿತೇನೋ, ತಟ್ಟನೆ ತಲೆ ತಗ್ಗಿಸಿ ಟೇಬಲ್ ತುಂಬ ಸ್ಕ್ರೂಡ್ರೈವರ್ ಹುಡುಕತೊಡಗಿದ. ಅದು ಅವನ ಕಿವಿಯ ಮೇಲೇ ಇತ್ತು. ನಾನು ಹೇಳಲಿಲ್ಲ, ಹುಡುಕಲಿ ಎಂದು ಸುಮ್ಮನಿದ್ದೆ.

ಡಿಟಿಪಿ ಅಂಗಡಿಯಲ್ಲಿ ನನ್ನ ಟೇಬಲ್ಲಿನ ಮೇಲೆ ಝೆರಾಕ್ಸ್ ಮಷಿನ್ನು, ಮಾನಿಟರು, ಪೇಪರಿನ ರಿಮ್ಮು. ಕೀಬೋರ್ಡಿಗೆ ಉಳಿದದ್ದು ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು. ರಾತ್ರಿ ಊಟಕ್ಕೆ ಮೊದಲು ಮನೆಯಲ್ಲೂ ಮೊಬೈಲಿಗೆ ಜೋಡಿಸಿ ಒಂದಿಷ್ಟು ಟೈಪ್ ಮಾಡುವಂತಿರಬೇಕು, ಬ್ಯಾಗಿನಲ್ಲಿ ಹಿಡಿಸಬೇಕು. ಹಾಗಾಗಿ ಸಣ್ಣದು, ವೈರ್ ಇಲ್ಲದ್ದು, ಅರವತ್ತೆಂಟು ಕೀಗಳದ್ದು ಎಂದು ಗೊತ್ತಾಯಿತು. ಆತ ನನ್ನ ಅಂಗೈಯನ್ನೂ ಅಳೆದ. ಸ್ಟೀಲ್ ಸ್ಕೇಲನ್ನು ತುದಿಯಲ್ಲಿ ಹಿಡಿದು, ತನ್ನ ಬೆರಳು ಎಲ್ಲೂ ತಾಗದ ಹಾಗೆ ಅಳೆದ. ಕೃಷ್ಣಾ ದಂಡೆಯ ಮೀನುಗಾರರ ಮನೆಯವನು. ಚಿಕ್ಕಂದಿನಲ್ಲಿ ಬಲೆ ಹೆಣೆದ ಕೈ, ದೊಡ್ಡ ಕೈ. ಅಷ್ಟು ದೊಡ್ಡ ಕೈ ಅಷ್ಟು ಜತನ ಮಾಡುವುದನ್ನು ನಾನು ನೋಡಿರಲಿಲ್ಲ. ತಾಗಿದ್ದರೆ ನಾನೇನೂ ಬೈಯುತ್ತಿರಲಿಲ್ಲ.

ಹತ್ತು ದಿನಕ್ಕೆ ಸಾಮಾನು ಬಂತು. ಕೌಂಟರಿನ ಮೇಲಿಟ್ಟ. ಮುದ್ದಾಗಿತ್ತು. ಬಲಗಡೆ ನೋಡಿದೆ.

"ನಂಬರ್ ಎಲ್ಲದಾವ್ರಿ?"

ಆತ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಸಣ್ಣ ಕೀಬೋರ್ಡಿಗೆ ಬಲಗಡೆಯ ಅಂಕಿಗಳ ಮನೆ ಇರುವುದಿಲ್ಲ. ನಾನು ಟೈಪ್ ಮಾಡುವುದರಲ್ಲಿ ಅರ್ಧಕ್ಕರ್ಧ ಅಂಕಿಯೇ. ಯಾವ ಕಾಲುವೆಗೆ ಎಷ್ಟು ನೀರು ಬಿಟ್ಟರು, ಕೃಷಿ ಕಾಲೇಜಿನವರ ಯಾವ ಮಡಿಯಲ್ಲಿ ಎಷ್ಟು ತೊಗರಿ ಬಂತು, ಬರೀ ಇವೇ. ಟೇಬಲ್ ಅಳೆದೆವು, ಅಂಗೈ ಅಳೆದೆವು, ಇದು ಇಬ್ಬರಿಗೂ ಹೊಳೆದಿರಲಿಲ್ಲ. ಹೊಳೆಯಬೇಕಾದದ್ದು ನನಗೆ. ಆ ದಿನಗಳಲ್ಲಿ ನನ್ನ ತಲೆ ಎಲ್ಲಿತ್ತೋ ದೇವರಿಗೇ ಗೊತ್ತು.

"ವಾಪಸ್ ಕಳಸ್ಲೇನ್ರಿ?"

"ಬ್ಯಾಡ," ಅಂದೆ. ಅದನ್ನು ಎಷ್ಟು ಜಲ್ದಿ ಅಂದೆನೆಂದರೆ, ಅಡಿಕೆ ಕತ್ತರಿಸುತ್ತಿದ್ದ ಚಾಂದಬೀ ಕೈ ನಿಲ್ಲಿಸಿ ನನ್ನನ್ನು ನೋಡಿದರು.

ಮರಿಲಿಂಗ ಅದಕ್ಕೊಂದು ದಾರಿ ಹುಡುಕಿದ. ಎಡ ಹೆಬ್ಬೆರಳಿನ ಕೆಳಗೆ ಒಂದು ಕೀ ಇಟ್ಟ. ಅದನ್ನು ಹಿಡಿದಿರುವಷ್ಟು ಹೊತ್ತು ಬಲಗೈ ಬೆರಳುಗಳ ಕೆಳಗಿನ ಅಕ್ಷರಗಳೆಲ್ಲ ಅಂಕಿಗಳಾಗುತ್ತವೆ, ಬಿಟ್ಟರೆ ಮತ್ತೆ ಅಕ್ಷರಗಳು. ಎಫ್ ಕೆಳಗೆ ಮಾತ್ರ ಬೇರೆ ಸ್ವಿಚ್ ಹಾಕುತ್ತೇನೆಂದ, ಇದ್ದುದರಲ್ಲೇ ಹಗುರವಾದದ್ದು.

"ಅದೊಂದಕ್ಕ ಯಾಕ?"

"ಆ ಬೆರಳಿಗೆ ಪಟ್ಟಿ ಅದಲ್ರಿ."

ಅವತ್ತು ಆಟೋದಲ್ಲಿ ಗೋಗಿಗೆ ಹೋಗುವಾಗ ನನ್ನ ಬೆರಳನ್ನು ನಾನೇ ಎಷ್ಟು ಸಲ ನೋಡಿಕೊಂಡೆನೋ. ಪ್ರೀತಿ ಅಂದರೆ ಏನೇನೋ ಅಂದುಕೊಂಡಿದ್ದೆ. ಹೀಗೆ ಒಂದು ಬೆರಳಿನ ನೋವು ಹಿಡಿದುಕೊಂಡು ಬರುತ್ತದೆ ಅಂತ ಯಾರು ಹೇಳಿದ್ದರು?

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಸ್ವಿಚ್ಚುಗಳನ್ನು ಒಂದೊಂದಾಗಿ ಬಿಚ್ಚಿ, ಒಳಗೆ ಸಣ್ಣ ಬ್ರಷ್ಷಿನಿಂದ ಗ್ರೀಸ್ ಸವರಿ, ಮತ್ತೆ ಕೂಡಿಸಬೇಕು. ನಾನು ಸಂಜೆ ಹೋಗಿ ಸ್ಟೂಲ್ ಮೇಲೆ ಕೂರುವುದು, ಆತ ನನ್ನೆದುರು ನಾಲ್ಕು ಸ್ವಿಚ್ಚಿಗೆ ಗ್ರೀಸ್ ಹಚ್ಚುವುದು.

"ಎಷ್ಟಾದವ್ರಿ?"

"ನಿಧಾನದ ಕೆಲಸರಿ. ಇವತ್ತ ನಾಲ್ಕ."

ನಾನೂ ಸಾಚಾ ಅಲ್ಲ. ಕೀಗಳ ಮೇಲೆ ಕೂರಿಸುವ ಟೋಪಿ ಬಿಳಿ ಬಂದಾಗ ಹೊಲಸಾಗ್ತಾವ ಅಂದೆ. ಬೂದಿ ಬಣ್ಣ ಬಂದಾಗ ಅಳುಮುಖ ಅದಾವ ಅಂದೆ. ಶೇಂಗಾ ಸಿಪ್ಪೆಯ ಬಣ್ಣದವು ಬಂದಾಗ ತಪ್ಪು ಹುಡುಕಲು ಆಗಲಿಲ್ಲ, ಅಷ್ಟು ಚೆನ್ನಾಗಿದ್ದವು. ಅದಕ್ಕೆ ಸ್ಪೇಸ್‌ಬಾರ್ ಸಪ್ಪಳ ಮಾಡ್ತದ ಅಂದೆ. ನಮ್ಮವ್ವನಾಣೆ, ಸ್ಪೇಸ್‌ಬಾರ್ ಸಪ್ಪಳ ಮಾಡುತ್ತಿರಲಿಲ್ಲ. ಮರಿಲಿಂಗ ಕಿವಿಯಿಟ್ಟು ಕೇಳಿ, "ಹೌದ್ರಿ, ಮಾಡ್ತದ," ಎಂದು ತಲೆಯಾಡಿಸಿ ಅದರ ಕೆಳಗೆ ಸ್ಪಂಜಿನ ತುಂಡು ಇಡಲು ಮತ್ತೆರಡು ದಿನ ತೆಗೆದುಕೊಂಡ.

ಮನೆಯಲ್ಲಿ ನಮ್ಮವ್ವ ಯಂಕಮ್ಮ ಕೇಳುತ್ತಿದ್ದಳು. "ದಿನಾ ಇಷ್ಟೊತ್ತು ಯಾಕವಾ?"

"ಕೀಬೋರ್ಡ್ ಇನ್ನಾ ಆಗಿಲ್ಲವ್ವ."

"ಅಂವೇನ್ ಗುಡಿ ಕಟ್ಟಾಕತ್ತಾನೇನ?"

ಹೀಗೆ ಐದು ವಾರ ಆಗುತ್ತಾ ಬಂತು. ಅಷ್ಟರಲ್ಲಿ ಯಾದಗಿರಿಯಿಂದ ಫೋನ್ ಬಂತು. ಜಿಲ್ಲಾ ಕಚೇರಿಯಲ್ಲಿ ಡಾಟಾ ಎಂಟ್ರಿ ಕೆಲಸ, ಗುತ್ತಿಗೆಯ ಮೇಲೆ. ಸೋಮವಾರ ಹತ್ತಕ್ಕೆ ಹಾಜರಾಗಬೇಕು. ಎರಡು ವರ್ಷದಿಂದ ಕಾದ ಕೆಲಸ. ಅಲ್ಲೇ ಚಿಗವ್ವ ಮೋನಮ್ಮನ ಮನೆಯಲ್ಲಿ ಇರುವುದು ಎಂದು ಅವ್ವ ತೀರ್ಮಾನಿಸಿದಳು. ನನಗೆ ಖುಷಿಯಾಯಿತು. ಆದರೆ ಇನ್ನು ಮೇಲೆ ಶಹಾಪುರದ ಆಟೋ ಹತ್ತುವುದು ಇಲ್ಲವಲ್ಲ ಎಂದು ನೆನಪಾದ ಕೂಡಲೇ ಆ ಖುಷಿ ಅರ್ಧಕ್ಕೆ ಇಳಿಯಿತು.

ಬುಧವಾರ ಮರಿಲಿಂಗನಿಗೆ ಹೇಳಿದೆ. ಹೋಗಬೇಡ ಎನ್ನಲಿ ಎಂದು ನಾನು ಬಯಸಲಿಲ್ಲ. ಹಾಗೆಂದಿದ್ದರೆ ಅಲ್ಲೇ ಬೈಯುತ್ತಿದ್ದೆ. ಈ ಐದು ವಾರ ನಾವು ಕೂತದ್ದು ಬರೀ ಕೀಬೋರ್ಡಿಗಲ್ಲ ಎಂದು ಗೊತ್ತಾಗುವಂಥ ಒಂದು ಮಾತು ಬೇಕಿತ್ತು, ಅಷ್ಟೇ. ಅದು ಸಿಗದೆ ಹೋದರೆ ನಾನು ಯಾವ ಮುಖ ಇಟ್ಟುಕೊಂಡು ಏನನ್ನು ನೆನೆಯುತ್ತಾ ಕೂರಲಿ?

ಆತ ಬ್ರಷ್ ಕೆಳಗಿಟ್ಟ.

"ಛಲೋ ಆತ್ರಿ," ಅಂದ. ಭೂತಗನ್ನಡಿ ಮತ್ತೆ ಕಣ್ಣಿಗೆ ಏರಿಸಿಕೊಂಡ.

ಆಟೋದಲ್ಲಿ ಗೋಗಿ ಮುಟ್ಟುವ ತನಕ ವೇಲಿನಿಂದ ಕಣ್ಣೊರೆಸಿಕೊಂಡೆ. ಪಕ್ಕದವಳು ಧೂಳು ಬಿತ್ತೇನವಾ ಎಂದಳು. ಹೌದೆಂದೆ. ಗುರುವಾರ, ಶುಕ್ರವಾರ ಹಟ ಹಿಡಿದು ಶಹಾಪುರದ ಕಡೆ ಮುಖ ಹಾಕಲಿಲ್ಲ.

ಶನಿವಾರ ಅವನ ಹಳೆಯ ಕೀಬೋರ್ಡ್ ವಾಪಸ್ ಕೊಡಬೇಕಿತ್ತು. ನಾಲ್ಕೂವರೆಗೆ ಹೋದೆ. ಮರಿಲಿಂಗ ಇರಲಿಲ್ಲ. ಕೌಂಟರಿನ ಮೇಲೆ ನನ್ನ ಕೀಬೋರ್ಡ್ ಇತ್ತು. ಪೂರ್ತಿಯಾಗಿತ್ತು, ಅರವತ್ತೆಂಟೂ ಕೂತಿದ್ದವು.

"ಚಾ ತರಾಕ ಹೋಗ್ಯಾನ, ಕೂಡು ಬೇಟಿ," ಎಂದರು ಚಾಂದಬೀ. "ಎರಡ ದಿನ ಬರೋಬ್ಬರಿ ಉಂಡಿಲ್ಲ. ಇದ್ನ ಹಿಡಕೊಂಡ ಕುಂತಿದ್ದ."

ಇಷ್ಟೇನಾ ಅನ್ನಿಸಿತು. ನಾನು ಹೊರಟೆ ಎಂದ ಕೂಡಲೇ ಮುಗಿಸಿ ಕೈ ತೊಳೆದುಕೊಂಡ.

"ಐದು ವಾರ ಆಗದ ಕೆಲಸ ಎರಡ ದಿನದಾಗ ಹ್ಯಾಂಗ ಆತ್ರಿ ಖಾಲಾ?"

ಚಾಂದಬೀ ನನ್ನನ್ನು ನೋಡಿ ನಕ್ಕರು. "ಅದು ಎರಡ ದಿನದ ಕೆಲಸನ ಅದ. ನಿನಗ ಖರೇನ ಗೊತ್ತಿಲ್ಲೇನು? ದಿನಾ ಮುಂಜಾನಿ ಬಂದು, ನಿನ್ನಿ ಕೂಡಿಸಿದ್ದು ನಾಲ್ಕ ಮತ್ತ ಬಿಚ್ಚಿ, ಒರಸಿ ಇಡತಿದ್ದ. ಸಂಜಿಕೆ ನಿನ್ನ ಮುಂದ ಅವ್ಕ ಮತ್ತ ಗ್ರೀಸ್ ಹಚ್ಚತಿದ್ದ. ಮುದುಕಿಗೆ ಕಣ್ಣ ಕಾಣೂದಿಲ್ಲ ಅನ್ಕೊಂಡಾನ."

ನಗು ಬಂತು, ಅಳು ಬಂತು, ಎರಡನ್ನೂ ಹಿಂದೆ ಹಾಕಿ ಸಿಟ್ಟು ಬಂತು. ಅಷ್ಟರಲ್ಲಿ ಮರಿಲಿಂಗ ಚಹಾದ ಕಪ್ಪು ಹಿಡಿದು ಒಳಗೆ ಬಂದ.

"ಕೂಡಿಸಿದ್ದ ಮತ್ತ ಬಿಚ್ಚಿಡತಿದ್ರಂತ?"

ಆತ ಚಾಂದಬೀ ಕಡೆ ನೋಡಿದ. ಅವರು, ನಮಾಜಿಗೆ ಹೊತ್ತಾತು ಎಂದು ಎದ್ದು ಒಳಗೆ ಹೋಗಿ ಪರದೆ ಎಳೆದುಕೊಂಡರು.

"ಹೌದ್ರಿ," ಅಂದ.

"ಮತ್ತ ಈಗ್ಯಾಕ ಮುಗಿಸಿದ್ರಿ? ಹೋಗ್ತಾಳಲ್ಲ, ಹೋಗ್ಲಿ ಅಂತೇನು?"

"ಹಂಗಲ್ರಿ." ಕಪ್ಪು ಕೆಳಗಿಟ್ಟ. "ಹೊಸಾ ಕಚೇರಿ. ಮೊದಲನೇ ದಿನಾನ ನಿಮ್ಮ ಬೆರಳ ನೋಯಬಾರದು. ಇಷ್ಟು ದಿನ ತಡಾ ಮಾಡಿದ್ದು ನನ್ನ ಸಲುವಾಗಿರಿ. ಇದು ನಿಮ್ಮ ಸಲುವಾಗಿ ಆಗಬೇಕಿತ್ತು."

ನಾನು ಸ್ಟೂಲ್ ಎಳೆದುಕೊಂಡು ಕೂತೆ. ಕೀಬೋರ್ಡನ್ನು ಫೋನಿಗೆ ಜೋಡಿಸಿ ಕೈಗೆ ಬಂದದ್ದು ಟೈಪ್ ಮಾಡಿದೆ, ಊರ ಹೆಸರು, ಕಾಲುವೆಯ ಹೆಸರು, ಅಂಕಿಗಳು. ಸಪ್ಪಳ ಮೆತ್ತಗಿತ್ತು. ಎಫ್ ಒತ್ತಿದ್ದು ಬೆರಳಿಗೆ ಗೊತ್ತೇ ಆಗಲಿಲ್ಲ. ಐದು ವಾರದಲ್ಲಿ ಈತ ನನ್ನನ್ನು ಒಂದು ಸಲವೂ ಮುಟ್ಟಿರಲಿಲ್ಲ, ಆದರೆ ನನ್ನ ಕೈಯ ಬಗ್ಗೆ ನನಗಿಂತ ಹೆಚ್ಚು ತಿಳಿದಿದ್ದ. ಈತನನ್ನು ಬಿಟ್ಟು ಇನ್ನೊಬ್ಬನ ಜೊತೆ ಬದುಕಲು ನನ್ನಿಂದ ಆಗುವುದಿಲ್ಲ ಎಂದು ಆಗಲೇ ಗೊತ್ತಾಯಿತು.

"ಏನಾರ ಕಮ್ಮಿ ಅದೇನ್ರಿ?"

ಹುಡುಕಿದೆ. ನಿಜವಾಗಿಯೂ ಹುಡುಕಿದೆ. "ಇಲ್ಲ. ಎಲ್ಲಾ ಬರೋಬ್ಬರಿ ಅದ," ಎಂದೆ. "ಹಂಗಾದ್ರ ಇನ್ನ ಮ್ಯಾಲ ನಾ ಏನಂತ ಬರ್ಲಿರಿ?"

ಓಣಿಯಲ್ಲಿ ಒಂದು ಆಟೋ ಹಾರ್ನ್ ಹೊಡೆಯುತ್ತಾ ಹೋಯಿತು. ಅದು ಹೋಗುವ ತನಕ ಆತ ಕಾದ.

"ನೀವು ಬರೂದು ಬ್ಯಾಡ್ರಿ. ಐದು ವಾರ ನೀವ ಬಂದೀರಿ. ಇನ್ನ ನಾ ಬರ್ತೀನಿ. ಐತಾರ ಅಂಗಡಿ ಬಂದ್ ಇರ್ತದ."

"ಯಾದಗಿರಿಗೆ? ನಮ್ಮ ಚಿಗವ್ವ ಭಾಳ ಜೋರ್ ಅದಾಳ. ಬಾಗಲದಾಗ ನಿಂದ್ರಿಸಿ, ಯಾರು ನೀ, ಏನ್ ರಿಪೇರಿಗೆ ಬಂದಿ ಅಂತ ಕೇಳ್ತಾಳ. ಏನ್ ಹೇಳ್ತೀರಿ?"

ಏನೋ ಒಂದು ನೆವ ಹೇಳುತ್ತಾನೆ ಅಂದುಕೊಂಡೆ. ಆತ ನೇರ ನನ್ನ ಕಣ್ಣು ನೋಡಿದ, ಈ ಸಲ ತಲೆ ತಗ್ಗಿಸಲಿಲ್ಲ.

"ರಿಪೇರಿ ಏನೂ ಇಲ್ರಿ, ದುರ್ಗಾನ್ನ ನನಗ ಕೊಡ್ರಿ ಅಂತ ಕೇಳಾಕ ಬಂದೀನಿ ಅಂತೀನಿ."

ಅವನ ಬಾಯಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು. ಅವ್ವ ಒಪ್ಪುತ್ತಾಳೋ ಇಲ್ಲವೋ, ಊರು ಏನನ್ನುತ್ತದೋ, ಅದೆಲ್ಲ ಆಮೇಲಿನ ಮಾತು. ಚಹಾ ಆರಿತ್ತು. ಅದನ್ನೇ ತಳ ಕಾಣುವ ತನಕ ಕುಡಿದೆ.

"ಮತ್ತ ಏನರ ತಪ್ಪ ಮಾತಾಡಿದೆನೇನು?" ಅಂದ ಮೆಲ್ಲಗೆ.

"ಹೌದು, ತಪ್ಪೇ," ಅಂದೆ. "ಇವತ್ತ ಶನಿವಾರ. ನಾಳಿನ ಐತಾರ ಅದ. ಚಿಗವ್ವನ ತನಕ ಯಾಕ ಹೋಗ್ತೀರಿ? ನಮ್ಮವ್ವ ಗೋಗ್ಯಾಗ ಮನ್ಯಾಗನ ಇರ್ತಾಳ."

ಮರಿಲಿಂಗ ಕ್ಯಾಲೆಂಡರ್ ನೋಡಿದ, ನನ್ನನ್ನು ನೋಡಿದ, ಅಂಗಿಗೆ ಅಂಟಿದ್ದ ಗ್ರೀಸ್ ನೋಡಿಕೊಂಡ.

"ಎಷ್ಟಕ್ಕ ಬರ್ಲಿ?"

"ಒಂಬತ್ತಕ್ಕ ಬಸ್ ಅದ," ಅಂದೆ. "ತಡಾ ಮಾಡಬ್ಯಾಡ್ರಿ."