ದೊಲೊನ್ ಘಾಟಿಯಲ್ಲಿ ಕುರುಡಾದ ಮೀಟರುಗಳು

"ಯಾರು ಮಾಡಿದ್ದು ಅಂತ ಹೇಳಬೇಡಿ ಅಕ್ಕಾ, ಅದು ಊರಿಗೇ ಗೊತ್ತು. ಹೆಂಗೆ ಮಾಡಿದ ಅಂತ ಹೇಳಿ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ!"

ಹಿಮ ಮೆತ್ತಿದ ಬೂಟುಗಳಲ್ಲೇ ಒಳಗೆ ನುಗ್ಗಿದ ಕಾಲಿಮಾ ಬುರುಲ್ಚಕ್ಕನ ಮುಂದೆ ನಿಂತು ಹೀಗೆಂದಳು. 

ಬುರುಲ್ಚಕ್ಕ ಒಂದು ಕಾಲದಲ್ಲಿ ಪೊಲೀಸ್ ಇಲಾಖೆಯಲ್ಲಿ ಕೊಲೆ ಕೇಸುಗಳನ್ನು ಬಿಡಿಸುತ್ತಿದ್ದವಳು. ನಿವೃತ್ತಿಯಾದ ಮೇಲೂ ನರಿನ್ ಪಟ್ಟಣದ ಜನ ಅವಳನ್ನು ಬಿಟ್ಟಿರಲಿಲ್ಲ. ನಾನು ಸಗಿನ್, ಪಕ್ಕದ ಮನೆಯವನು, ಗಾಡಿಗಳ ವೈರಿಂಗ್ ಕೆಲಸ ನನ್ನದು. ನನ್ನ ಮನೆಯ ಒಲೆ ಹೊಗೆ ಕಾರುತ್ತಿದ್ದುದರಿಂದ ನನ್ನ ವ್ಯಾನಿನ ಬ್ಯಾಟರಿ ಆ ಚಳಿಗಾಲವೆಲ್ಲ ಅವಳ ಒಲೆಯ ಪಕ್ಕದಲ್ಲೇ ರಾತ್ರಿ ಕಳೆಯುತ್ತಿತ್ತು. ಚಳಿಗೆ ಬ್ಯಾಟರಿ ಸತ್ತುಹೋಗುವ ನಮ್ಮೂರಲ್ಲಿ ರಾತ್ರಿ ಅದನ್ನು ಗಾಡಿಯಲ್ಲೇ ಬಿಟ್ಟು ಮಲಗುವ ಡ್ರೈವರ್ ಬೆಳಿಗ್ಗೆ ಕಾಲ್ನಡಿಗೆಯಲ್ಲೇ ಹೋಗಬೇಕಾಗುತ್ತದೆ. ಅವತ್ತೂ ಬ್ಯಾಟರಿ ಒಯ್ಯಲೆಂದೇ ಬಂದಿದ್ದೆ.

ಕಾಲಿಮಾಳ ಗಂಡ ಶಾರ್ಶೆನ್ ತನ್ನ ಹಳೆಯ ಮಿನಿವ್ಯಾನಿನಲ್ಲಿ, ಸ್ಟ್ಯಾಂಡಿನ ಸರದಿಯಲ್ಲಿ ನಿಂತು ಏಳೂ ಸೀಟು ತುಂಬಿದ ಮೇಲೆ, ರಾಜಧಾನಿ ಬಿಷ್ಕೆಕ್‌ಗೆ ಜನರನ್ನು ಕರೆದೊಯ್ಯುತ್ತಿದ್ದ. ಹಿಂದಿನ ವಾರ ದೊಲೊನ್ ಘಾಟಿಯ ನೆತ್ತಿಯ ಹತ್ತಿರ ಡ್ಯಾಶ್‌ಬೋರ್ಡಿನ ಮೀಟರುಗಳೆಲ್ಲ ಒಟ್ಟಿಗೆ ಸತ್ತವು. ಹೀಟರೂ ತಣ್ಣಗಾಯಿತು. ವೈರಿಂಗ್ ಕೆಟ್ಟಿದೆ, ಎಲ್ಲ ಒಂದೇ ಕಾಯಿಲೆ ಎಂದುಕೊಂಡು ಅವನು ಓಡಿಸುತ್ತಲೇ ಹೋದ. ಸ್ವಲ್ಪ ದೂರದಲ್ಲಿ ಎಂಜಿನ್ ಕಾದು ಕಚ್ಚಿಕೊಂಡು ನಿಂತೇಹೋಯಿತು. ಹಿಮಗಾಳಿ ಎದ್ದಿತು. ಶಾರ್ಶೆನ್ ಸಹಾಯಕ್ಕೆಂದು ನಡೆದು ಹೊರಟ. ಪ್ರಯಾಣಿಕರು ಒಬ್ಬರಿಗೊಬ್ಬರು ಅಂಟಿಕೊಂಡು ಹೇಗೋ ಉಳಿದರು. ಶಾರ್ಶೆನ್ ಕೂಡ ಉಳಿದ, ಆದರೆ ಅವನ ಎರಡೂ ಪಾದಗಳನ್ನು ಆಸ್ಪತ್ರೆಯಲ್ಲಿ ಕತ್ತರಿಸಬೇಕಾಯಿತು.

"ಸ್ಟ್ಯಾಂಡಿನಲ್ಲಿ ಸರದಿಗಾಗಿ ಜಗಳ ಆಯ್ತಲ್ಲ, ಆವಾಗ ಆ ಡ್ರೈವರ್ ಕಿದಿರ್ ಏನಂದ?" ಕಾಲಿಮಾ ಹಲ್ಲು ಕಡಿದಳು. "'ನಿನ್ನನ್ನ ಘಾಟಿ ನಡೆಸೇ ದಾಟಿಸ್ತೀನಿ' ಅಂದ! ಹೊರಡೋ ದಿನ ಬೆಳಿಗ್ಗೆ ನಮ್ಮ ವ್ಯಾನಿನೊಳಗೆ ಅರ್ಧ ಮೈ ತೂರಿಸಿಕೊಂಡಿದ್ದನ್ನ ಜನ ನೋಡಿದ್ದಾರೆ. ಇವತ್ತು ಸಂಜೆ ನಮ್ಮಣ್ಣ ತೊಕ್ತೊಸುನ್ ಹುಡುಗರನ್ನ ಕರ್ಕೊಂಡು ಹೋಗಿ ಅವನ ಗಾಡಿಗೆ ಬೆಂಕಿ ಇಡ್ತಾನೆ. ಅವನು ಒಳಗಿದ್ರೂ ಸರಿ!"

"ಪೆಟ್ರೋಲ್ ನಾನು ತರ್ತೀನಿ," ಎಂದೆ.

"ನೀನು ಸ್ಕ್ರೂಡ್ರೈವರ್ ತಗೊಂಡು ಬಾ, ಬ್ಯಾಟರಿ ಎತ್ಕೋ," ಎಂದು ಬುರುಲ್ಚಕ್ಕ ಟೋಪಿ ಹಾಕಿಕೊಂಡಳು. "ಬೆಂಕಿ ಎಲ್ಲಿಗೂ ಓಡಿಹೋಗಲ್ಲ."

ಎಳೆದು ತಂದ ವ್ಯಾನು ಕಾಲಿಮಾಳ ಅಂಗಳದಲ್ಲಿ ಬಯಲಿಗೇ ನಿಂತಿತ್ತು. ನನ್ನ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದೆ. ಹೆಡ್‌ಲೈಟ್ ಉರಿಯಿತು, ಹಾರನ್ ಕೂಗಿತು, ವೈಪರ್ ಆಡಿತು. ಮೀಟರುಗಳು ಮಾತ್ರ ಅಲುಗಲಿಲ್ಲ. ಫ್ಯೂಸ್ ತೆಗೆದು ನೋಡಿದರೆ ಅದರ ತಂತಿ ಸುಟ್ಟಿರಲಿಲ್ಲ. ಇನ್ನು ಮೀಟರ್ ಪೆಟ್ಟಿಗೆಯನ್ನೇ ಬಿಚ್ಚಬೇಕಿತ್ತು. ಸ್ಕ್ರೂ ತೆಗೆದು ಸುತ್ತಲಿನ ಚೌಕಟ್ಟನ್ನು ಹುಷಾರಾಗಿಯೇ ಎಳೆದೆ. ಟಪ್, ಟಪ್ ಎಂದು ಕ್ಲಿಪ್ಪುಗಳು ಒಂದೊಂದಾಗಿ ಮುರಿದವು.

"ಥೂ, ಹಾಳಾಗಿ ಹೋಗಲಿ! ಹಳೇ ಪ್ಲಾಸ್ಟಿಕ್ಕು ಅಕ್ಕಾ. ಈ ಚಳೀಲಿ ಬಿಸ್ಕತ್ತಿನ ಥರ."

ಪೆಟ್ಟಿಗೆಯ ಹಿಂದೆ ವೈರುಗಳ ಪ್ಲಗ್ಗು ಕಳಚಿ ನೇತಾಡುತ್ತಿತ್ತು. ಅದನ್ನು ಹಿಡಿದಿಡುವ ಕೊಕ್ಕೆಯನ್ನು ಯಾರೋ ಎತ್ತಿಬಿಟ್ಟಿದ್ದರು. ಹಾಗೆ ಬಿಟ್ಟರೆ ಊರೊಳಗೆ ಮೀಟರು ಸರಿಯಾಗಿಯೇ ತೋರಿಸುತ್ತದೆ, ಘಾಟಿಯ ಗುಂಡಿಗಳಲ್ಲಿ ಕುಲುಕಿದಾಗ ಪ್ಲಗ್ಗು ಜಾರುತ್ತದೆ. ಸುತ್ತ ವರ್ಷಗಳ ಧೂಳು ದಪ್ಪಗೆ ಕೂತಿದ್ದರೂ ಪ್ಲಗ್ಗಿನ ಬಳಿ ಬೆರಳು ಒರೆಸಿದ ಗುರುತು ಸ್ಪಷ್ಟವಾಗಿತ್ತು. ಬಾನೆಟ್ ಎತ್ತಿದರೆ ರೇಡಿಯೇಟರಿನ ಕೆಳಗಿನ ಪೈಪಿನ ಪಟ್ಟಿಯೂ ಸಡಿಲ, ಅದರ ಸ್ಕ್ರೂ ಮೇಲೆ ಹೊಳೆಯುವ ಹೊಸ ಗೀರು.

"ಬರೀ ನೀರು ಸೋರಿದ್ದಿದ್ರೆ ಎಂಜಿನ್ ಕಾವಿನ ಮುಳ್ಳು ಏರಿ ಎಚ್ಚರಿಸ್ತಿತ್ತು. ಮುಳ್ಳು ಸತ್ತು ನೀರು ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ. ಎರಡನ್ನೂ ಒಂದೇ ಕೈ ಮಾಡಿದೆ," ಎಂದೆ. "ಆ ಕಿದಿರ್ ನನ್ನ ಕೈಗೆ ಸಿಗಲಿ!"

ಬುರುಲ್ಚಕ್ಕ ಮುರಿದ ಕ್ಲಿಪ್ಪಿನ ಚೂರುಗಳನ್ನು ಅಂಗೈಯಲ್ಲಿ ಗುಡ್ಡೆ ಹಾಕಿಕೊಳ್ಳುತ್ತಿದ್ದಳು. "ಸಗಿನ್, ಇದರಲ್ಲಿ ಮೊದಲೇ ಮುರಿದಿದ್ದು ಯಾವುದಾದರೂ ಇತ್ತಾ?"

"ಒಂದೂ ಇಲ್ಲ. ಎಲ್ಲಾ ನನ್ನ ಪುಣ್ಯವೇ."

"ನಿನಗಿಂತ ಮುಂಚೆ ಬಿಚ್ಚಿದವನ ಕೈ ನಿನ್ನ ಕೈಗಿಂತ ನಾಜೂಕೋ?"

"ಅಂಥ ಕೈ ನರಿನ್‌ನಲ್ಲಿ ಇನ್ನೂ ಹುಟ್ಟಿಲ್ಲ ಬಿಡಿ!" ಎಂದೆ.

ಅವಳು ಕಾಲಿಮಾಳ ಕಡೆ ತಿರುಗಿದಳು. "ಗಾಡಿ ಯಾವಾಗಲೂ ಇಲ್ಲೇ ನಿಲ್ಲುತ್ತಾ?"

"ಇಲ್ಲೇ. ಹೊರಡೋ ಹಿಂದಿನ ರಾತ್ರಿ ಮಾತ್ರ ಅಣ್ಣನ ಮನೇಲಿದ್ವಿ. ಅನಾರ್ಕುಲ್ ಅತ್ತಿಗೆ ತೀರಿಕೊಂಡು ವರ್ಷ ತುಂಬಿದ ಊಟ ಇತ್ತು. ಬೆಳಿಗ್ಗೆ ಅಲ್ಲಿಂದಲೇ ಸ್ಟ್ಯಾಂಡಿಗೆ ಹೋದ್ರು."

"ಎಲ್ಲರನ್ನೂ ಸ್ಟ್ಯಾಂಡಿನ ಚಹಾ ಅಂಗಡಿಗೆ ಕರೆಸು," ಎಂದಳು ಬುರುಲ್ಚಕ್ಕ. "ಸಂಜೆ ಆಗೋ ಮುಂಚೆ."

ಅಂಗಡಿ ಡ್ರೈವರುಗಳಿಂದ ತುಂಬಿತ್ತು. ಬಾಗಿಲ ಬಳಿ ಬುರುಲ್ಚಕ್ಕ ಕರೆಸಿದ್ದ ಇನ್ಸ್‌ಪೆಕ್ಟರ್ ನಿಂತಿದ್ದ. ಮೂಲೆಯಲ್ಲಿ ಕಿದಿರ್, ಆಗಲೇ ಯಾರೋ ಕೊಟ್ಟ ಏಟಿಗೆ ತುಟಿ ಊದಿಸಿಕೊಂಡು ಕೂತಿದ್ದ. ಎದುರಿಗೆ ಕಾಲಿಮಾ, ಅವಳ ಪಕ್ಕ ಅಣ್ಣ ತೊಕ್ತೊಸುನ್. ಘಾಟಿಯ ರಸ್ತೆಯಲ್ಲಿ ಹಿಮ ತಳ್ಳುವ ಗಾಡಿ ಓಡಿಸುವ ಎತ್ತರದ ಆಳು ಅವನು. ಕಾಲ ಬಳಿ ಪೆಟ್ರೋಲ್ ಡಬ್ಬವನ್ನೂ ಇಟ್ಟುಕೊಂಡಿದ್ದ.

"ಅವನ ವ್ಯಾನಿನೊಳಗೆ ನಿನಗೇನು ಕೆಲಸ ಇತ್ತಪ್ಪಾ?" ಬುರುಲ್ಚಕ್ಕ ಕಿದಿರನನ್ನು ಕೇಳಿದಳು.

"ನನ್ನ ಚಹಾ ಫ್ಲಾಸ್ಕ್ ಅವನ ಸೀಟಿನ ಕೆಳಗಿತ್ತು. ಮಾತು ಬಿಟ್ಟಿದ್ವಲ್ಲ, ಕೇಳೋಕೆ ಮನಸ್ಸಾಗಲಿಲ್ಲ. ಎತ್ಕೊಂಡೆ."

"ಸುಳ್ಳು!" ಎಂದು ತೊಕ್ತೊಸುನ್ ಎದ್ದ.

"ಕೂತ್ಕೋ. ಅವನ ಮಾತು ನಂಬಬೇಕಾಗಿಲ್ಲ, ಇದನ್ನ ನಂಬು," ಎಂದು ಅವಳು ಕ್ಲಿಪ್ಪಿನ ಚೂರುಗಳನ್ನು ಮೇಜಿನ ಮೇಲೆ ಸುರಿದಳು. "ಸಗಿನ್ ಹುಷಾರಾಗಿ ಬಿಚ್ಚಿದರೂ ಒಂದೂ ಉಳೀಲಿಲ್ಲ. ಪ್ಲಗ್ಗಿನ ಕೊಕ್ಕೆ ಎತ್ತಿದವನೂ ಇದೇ ಚೌಕಟ್ಟು ಬಿಚ್ಚಿದ್ದಾನೆ, ಅವನ ಕೈಲಿ ಒಂದೂ ಮುರಿದಿಲ್ಲ. ಕೈ ನಾಜೂಕಾಗಿರಲಿಲ್ಲ, ಪ್ಲಾಸ್ಟಿಕ್ ಬೆಚ್ಚಗಿತ್ತು. ಸೀಟು ತುಂಬಲಿ ಅಂತ ಸ್ಟ್ಯಾಂಡಿನ ಚಳೀಲಿ ಗಂಟೆಗಟ್ಟಲೆ ನಿಂತು ಮರಗಟ್ಟಿದ ಗಾಡೀಲಿ ಕಿದಿರ್ ಬಿಚ್ಚಿದ್ದರೆ ಈ ಚೂರುಗಳು ಆವತ್ತೇ ಉದುರುತ್ತಿದ್ದವು."

ಬುರುಲ್ಚಕ್ಕ ಕಾಲಿಮಾಳನ್ನು ಕೇಳಿದಳು, "ಅಣ್ಣನ ಮನೇಲಿದ್ರಲ್ಲ ಆ ರಾತ್ರಿ, ನಿನ್ನ ಗಂಡನ ಬ್ಯಾಟರಿ ಎಲ್ಲಿ ಮಲಗಿತ್ತು?"

"ಗಾಡೀಲೇ ಇತ್ತು. ಬಿಚ್ಚೋಕೆ ಹೊರಟಿದ್ರು, ಅಣ್ಣನೇ ಬೇಡ ಅಂದ. ಅವನ ಗ್ಯಾರೇಜಿನಲ್ಲಿ ಕಲ್ಲಿದ್ದಲ ಒಲೆ ಇದೆಯಲ್ಲ, ಹಿಮದ ಗಾಡೀನ ಹೊರಗೆ ನಿಲ್ಲಿಸಿ ನಮ್ಮ ವ್ಯಾನನ್ನ..."

ಅವಳು ನಿಧಾನವಾಗಿ ಅಣ್ಣನ ಕಡೆ ತಿರುಗಿದಳು. "ಅಣ್ಣಾ?"

"ಗಾಡಿ ಬೆಚ್ಚಗಿದ್ದದ್ದು ಆ ಒಂದು ರಾತ್ರಿ, ಆ ಒಂದು ಜಾಗದಲ್ಲಿ," ಎಂದಳು ಬುರುಲ್ಚಕ್ಕ. "ಗ್ಯಾರೇಜಿನ ಬೀಗದ ಕೈ ನಿನ್ನ ಹತ್ತಿರ ಇತ್ತು ತೊಕ್ತೊಸುನ್. ಯಾಕೆ ಅನ್ನೋದನ್ನ ನಾನು ಹೇಳಲಾ, ನೀನೇ ಹೇಳ್ತೀಯಾ?"

ತೊಕ್ತೊಸುನ್ ಒಮ್ಮೆಲೇ ಸಿಡಿದ.

"ಹೋದ ವರ್ಷ ಅವನ ಗಾಡೀಲಿ ಆರು ಜನ ಕೂತಿದ್ರು! ಅನಾರ್ಕುಲ್ ಹೊಟ್ಟೆ ಹಿಡ್ಕೊಂಡು ಇದೇ ಸ್ಟ್ಯಾಂಡಿನಲ್ಲಿ ನರಳ್ತಿದ್ಲು. ಬೇಗ ಆಸ್ಪತ್ರೆ ಮುಟ್ಟಿಸೋ, ಹೊರಡೋ ಮಾರಾಯಾ ಅಂತ ಶಾರ್ಶೆನ್ ಕಾಲು ಹಿಡಿದೆ. 'ಏಳನೇ ಸೀಟು ತುಂಬಲಿ ಭಾವಾ, ಈಗ ತುಂಬುತ್ತೆ' ಅಂದ. ಮಧ್ಯಾಹ್ನ ಕಳೀತು. ಒಂದು ನರಪಿಳ್ಳೆಯೂ ಬರಲಿಲ್ಲ. ಕೊನೆಗೆ ಖಾಲಿ ಸೀಟಲ್ಲೇ ಹೊರಟ. ಘಾಟಿ ಇಳಿಯೋದರೊಳಗೆ ನನ್ನ ತೊಡೆ ಮೇಲೇ ಪ್ರಾಣ ಬಿಟ್ಲು. ವರ್ಷದ ಊಟಕ್ಕೆ ಬಂದು, ನನ್ನ ಕುರಿ ತಿಂದು, 'ನಾಳೆ ಬೇಗ ಸೀಟು ತುಂಬಿದ್ರೆ ಸಾಕಪ್ಪಾ' ಅಂತ ನಕ್ಕ! ನಕ್ಕ! ಸಾಯಿಸಬೇಕು ಅಂತಿರಲಿಲ್ಲ. ಘಾಟಿ ಬುಡದಲ್ಲಿ ನನ್ನ ಗಾಡೀಲಿ ಕೂತಿದ್ದೆ. ಅವನೂ ಯಾರಿಗಾದರೂ ಕಾಯಲಿ, ಕಾಯೋದು ಅಂದ್ರೆ ಏನು ಅಂತ ತಿಳೀಲಿ, ಆಮೇಲೆ ಹೋಗಿ ಎಳ್ಕೊಂಡು ಬರೋಣ ಅಂತ. ಹಾಳು ಗಾಳಿ ಎದ್ದುಬಿಡ್ತು. ನನ್ನ ಗಾಡಿಗೂ ದಾರಿ ಸಿಗಲಿಲ್ಲ."

"ಮಿಕ್ಕ ಪ್ರಯಾಣಿಕರು ನಿನಗೇನು ಮಾಡಿದ್ರೋ?" ಎಂದಳು ಬುರುಲ್ಚಕ್ಕ. ಅವಳ ದನಿ ಅಷ್ಟು ಗಡುಸಾದುದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಈ ಕಿದಿರ್ ಏನು ಮಾಡಿದ್ದ? ಆ ಡಬ್ಬ ಯಾರಿಗೆ ತಂದಿದ್ದೆ?"

ಅವನು ಡಬ್ಬವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದ. ಪೆಟ್ರೋಲ್ ತರುತ್ತೇನೆ ಎಂದಿದ್ದ ನಾನೂ ಕಿದಿರನ ಮುಖ ನೋಡಲಾರದೆ ನಿಂತೆ.

ಇನ್ಸ್‌ಪೆಕ್ಟರ್ ತೊಕ್ತೊಸುನ್‌ನ ತೋಳು ಹಿಡಿದಾಗ ಕಾಲಿಮಾ ಎದ್ದಳು. ಹೊಡೆಯುತ್ತಾಳೆ ಎಂದುಕೊಂಡೆವು. ಅವಳು ಅಣ್ಣನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು, ಹೊರಗೆ ಚಳಿ ಇದ್ದುದರಿಂದ.

"ಜೈಲಿಗೆ ಬುತ್ತಿ ತರೋಳು ನಿನಗೆ ನಾನೊಬ್ಬಳೇ ಅಲ್ವಾ ಅಣ್ಣಾ? ಜನ ನೋಡೋಕೆ ಬಿಡೋ ದಿನವೆಲ್ಲ ಬಾಗಿಲು ನೋಡ್ತಾ ಕೂತಿರು. ನಾನು ಬರಲ್ಲ. ಕಾಯಿ."

ತೊಕ್ತೊಸುನ್ ಆಗ ಮೊದಲ ಸಲ ಅತ್ತ.

ಅವನನ್ನು ಕರೆದೊಯ್ದ ಮೇಲೆ ಅವಳು ಕಿದಿರನ ಮುಂದೆ ಹೋಗಿ ನಿಂತಳು. "ನಿನ್ನ ಹತ್ತಿರ ಕೇಳೋ ಮುಖ ನನಗಿಲ್ಲ. ಬಿಷ್ಕೆಕ್ ಆಸ್ಪತ್ರೆಗೆ ಹೋಗಬೇಕು. ಪಾದ ಯಾಕೆ ಹೋಯ್ತು ಅಂತ ನನ್ನ ಗಂಡನಿಗೂ ಗೊತ್ತಾಗಬೇಕು. ಅನಾರ್ಕುಲ್ ಹೆಸರು ಹೇಳ್ತೀನಿ, ಅವರ ಮುಖ ನೋಡ್ಕೊಂಡೇ ಹೇಳ್ತೀನಿ."

ಕಿದಿರ್ ಊದಿದ ತುಟಿಯನ್ನು ಒರೆಸಿಕೊಂಡು ಕೀಲಿ ಎತ್ತಿಕೊಂಡ. ಅವಳು ಅವನ ವ್ಯಾನಿನ ಹಿಂದಿನ ಸೀಟಿನ ತುದಿಯಲ್ಲಿ ಕೂತಳು. ಅಭ್ಯಾಸಬಲದಿಂದ ಸ್ಟ್ಯಾಂಡಿನಲ್ಲಿ ಪ್ರಯಾಣಿಕರನ್ನು ಕೂಗಿ ಕರೆಯುವವನು "ಬಿಷ್ಕೆಕ್, ಬಿಷ್ಕೆಕ್! ಇನ್ನಾರು ಸೀಟು!" ಎಂದು ಓಡಿ ಬಂದ.

"ಬಾಯಿ ಮುಚ್ಚೋ," ಎಂದ ಕಿದಿರ್. ಆರೂ ಸೀಟು ಖಾಲಿ ಇದ್ದಂತೆಯೇ ಗಾಡಿ ಹೊರಟಿತು.